ಗಿಳಿಗೆಂದು ನೆಟ್ಟ ಸೀಬೆ

ನನಗೆ ಬೇಕಾಗಿದ್ದದ್ದು ಬೇರಿಕಾಯಿ ಮರ. ಗಟ್ಟಿ ಕಾಯಿಯ ಸಣ್ಣ ಜಾತಿ ನೆಟ್ಟರೆ ಹಕ್ಕಿಗಳು ಬರುತ್ತವೆ, ಮೆತ್ತನೆಯ ದೊಡ್ಡ ಹಣ್ಣಿನದಾದರೆ ಮನುಷ್ಯರೇ ಮುಗಿಸುತ್ತಾರೆ ಎಂದು ಎಲ್ಲೋ ಓದಿಕೊಂಡು ಪೋರೂರು ಕೆರೆಯಾಚೆಯ ನರ್ಸರಿಗೆ ಹೋದೆ. ಮಾಲಿ ನಕ್ಕುಬಿಟ್ಟ. ಅದು ಊಟಿ ಮರ, ಈ ಬಿಸಿಲಿಗೆ ಎಲೆ ಬಂದೀತು, ಹೂವು ಬರೋದಿಲ್ಲ ಎಂದು ತಮಿಳಿನಲ್ಲಿ ಹೇಳಿ ಸೀಬೆ ಸಸಿಗಳ ಮುಂದೆ ನಿಲ್ಲಿಸಿದ. ಅಲ್ಲೂ ಎರಡು ಜಾತಿ. "ದೊಡ್ಡದು ನಿಮಗೆ, ಚಿಕ್ಕದು ಗಿಳಿಗೆ" ಎಂದ. ನಾನು ದೊಡ್ಡ ಧರ್ಮಾತ್ಮಳ ಹಾಗೆ ಕೆಂಪು ತಿರುಳಿನ ಚಿಕ್ಕದನ್ನೇ ಎತ್ತಿಕೊಂಡೆ.

ಮೂರನೇ ವರ್ಷ ಗಿಳಿಗಳು ಬಂದವು. ಜೊತೆಗೆ ಯುದ್ಧವೂ ಬಂತು. ಮಹಡಿಯಲ್ಲಿರುವ ನನ್ನ ಮೈದುನನ ಬಿಳಿ ಕಾರು ನಿಲ್ಲುವುದು ಆ ಮರದ ಕೆಳಗೆ. ಅದರ ಮೇಲೆ ಹಿಕ್ಕೆ ಕಂಡರೆ ಅವನ ಮೈಯೆಲ್ಲ ಉರಿ. ಬಾಲ್ಕನಿಯಿಂದ ಜಲ್ಲಿಕಲ್ಲು ಬೀಸುತ್ತಿದ್ದ. ಒಂದು ಕಲ್ಲು ಕೊಂಬೆಗೆ ಬಡಿದು ನನ್ನ ಅಡಿಗೆಮನೆ ಕಿಟಕಿಗೆ ತಿರುಗಿತು, ಗಾಜೆಲ್ಲ ಸಾರಿನೊಳಗೆ. ಲಟ್ಟಣಿಗೆ ಹಿಡಿದು ಹೊರಟವಳೇ ಅವನ ಕಾರಿನ ಕನ್ನಡಿ ಪುಡಿ ಮಾಡಿದೆ.

"ನಿಮಗೇನು ಪೈತ್ಯವಾ ಅತ್ತಿಗೆ?" ಎನ್ನುತ್ತ ಓಡಿ ಬಂದ.

"ಹೌದಪ್ಪಾ! ಇನ್ನೊಂದು ಕಲ್ಲು ಬೀಳಲಿ, ಕೈ ಮುರೀತೀನಿ. ಬಾಯಿಲ್ಲದ ಪ್ರಾಣಿ ಮೇಲೆ ನಿನ್ನ ಪೌರುಷ!"

ಗಿಳಿಗೆ ಬಾಯಿಲ್ಲ ಎಂದವಳು ನಾನೊಬ್ಬಳೇ ಇರಬೇಕು. ಅವನು ನನ್ನ ಮಣಿಕಟ್ಟು ತಿರುಚಿ ಲಟ್ಟಣಿಗೆ ಕಿತ್ತುಕೊಂಡ. ನಾನು ಅವನ ಕೈ ಕಚ್ಚಿದೆ. ಆಮೇಲೆ ತಿಂಗಳುಗಟ್ಟಲೆ ಮಾತಿಲ್ಲ.

ಹೋದ ವರ್ಷ ಮರ ಬಗ್ಗುವಷ್ಟು ಕಾಯಿ. ಬೆಸೆಂಟ್ ನಗರದ ತಂಗಿಗೆ ಒಂದು ಬುಟ್ಟಿ ಕಳಿಸಿ ಜಂಬ ಕೊಚ್ಚಿಕೊಳ್ಳುವ ಆಸೆ ಹುಟ್ಟಿತು. ನಾಲ್ಕೇ ದಿನ, ಒಂದೇ ಕೊಂಬೆ ಎಂದುಕೊಂಡು ಏಣಿ ತರಿಸಿ ನೈಲಾನ್ ಬಲೆ ಸುತ್ತಿದೆ. ಉಳಿದದ್ದೆಲ್ಲ ಗಿಳಿಗಳಿಗೇ ಅಲ್ಲವೇ.

ಎರಡನೇ ಬೆಳಿಗ್ಗೆ ಕಿರುಚಾಟ ಕೇಳಿ ಹೊರಗೆ ಓಡಿದೆ. ಗಿಳಿಯೊಂದು ಬಲೆಯಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ದಾರ ಅದರ ರೆಕ್ಕೆಯನ್ನು ಮೂಳೆಯವರೆಗೆ ಕೊಯ್ದಿತ್ತು, ಒದ್ದಾಡಿದಷ್ಟೂ ಬಿಗಿಯುತ್ತಿತ್ತು. ಎರಡು ಕಾಗೆಗಳು ಆಗಲೇ ಹೊಟ್ಟೆಗೆ ಕುಕ್ಕುತ್ತಿದ್ದವು. ಕತ್ತರಿ ಹಿಡಿದು ಕುರ್ಚಿ ಹತ್ತಿದೆ, ಎಟುಕಲಿಲ್ಲ. "ಅಯ್ಯಯ್ಯೋ, ಯಾರಾದ್ರೂ ಬನ್ರೋ!" ಎಂದು ಅರಚಿದೆ.

ಬಂದವನು ಅವನೇ, ಲುಂಗಿಯಲ್ಲಿ, ಬಾಯಲ್ಲಿ ಬ್ರಷ್ ಇಟ್ಟುಕೊಂಡು. ಕತ್ತರಿ ಕಿತ್ತುಕೊಂಡು ತನ್ನ ಕಾರಿನ ಬಾನೆಟ್ ಮೇಲೆಯೇ ಹತ್ತಿ ನಿಂತ. ಗಿಳಿ ಅವನ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ರಕ್ತ ಮೊಣಕೈವರೆಗೆ ಇಳಿದು ಬಿಳಿ ಬಾನೆಟ್ ಮೇಲೆ ತೊಟ್ಟಿಕ್ಕಿತು. ಅವನು ಕೈ ಕೊಡವಲಿಲ್ಲ, ಒಂದೊಂದೇ ದಾರ ಕತ್ತರಿಸಿದ. ಕೊನೆಯ ದಾರ ಬಿಡುವ ಹೊತ್ತಿಗೆ ಕೊಕ್ಕು ತಾನಾಗಿಯೇ ಸಡಿಲವಾಯಿತು. ಗಿಳಿ ಸತ್ತಿತ್ತು.

"ನಾಲ್ಕೇ ದಿನಕ್ಕೆ ಅಂತ ಕಟ್ಟಿದ್ದು ಕಣೋ" ಎಂದು ಅಳತೊಡಗಿದೆ.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕಲ್ಲು ಹೊಡೆದ್ರೆ ಹಾರಿ ಹೋಗುತ್ತೆ ಅತ್ತಿಗೆ. ಪಾವಂ, ಪಾಪದ್ದು, ಇದು ಎಲ್ಲಿಗೆ ಹೋಗ್ಬೇಕಿತ್ತು?"

ಬಲೆಯನ್ನು ಚೂರು ಚೂರು ಮಾಡಿ ಸುಟ್ಟೆ. ತಂಗಿಗೆ ಒಂದು ಕಾಯಿಯನ್ನೂ ಕಳಿಸಲಿಲ್ಲ. ಮೂರು ದಿನ ಮರ ಖಾಲಿ ಇತ್ತು. ನಾಲ್ಕನೇ ದಿನ ಗಿಳಿಗಳು ಬಂದವು; ಮಹಡಿಯಿಂದ, ಬ್ಯಾಂಡೇಜ್ ಸುತ್ತಿದ ಕೈಯಿಂದ, ಕಲ್ಲೂ ಬಂತು. ನಾನು ಲಟ್ಟಣಿಗೆ ಎತ್ತಿಕೊಂಡು ಬಾಗಿಲವರೆಗೆ ಹೋದೆ. ಅಲ್ಲೇ ನಿಂತು ನೋಡಿದೆ. ಒಂದೂ ಉಳಿಯದೆ ಎಲ್ಲವೂ ಹಾರಿ ಹೋದವು.