ಹುಕ್ಕೇರಿ ದಾರಿಯಲ್ಲಿ ಮೂರು ಪ್ಲಗ್

ಮೂಡಲಗಿಯಿಂದ ನಾನೂ ಅತ್ತೆಯವರೂ ತಂಪು ಹೊತ್ತಿನಲ್ಲೇ ಹೊರಟೆವು. ಹುಕ್ಕೇರಿಯಲ್ಲಿ ಅವರ ತಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವಿತ್ತು. ಬಸ್ಸಿನಲ್ಲಿ ಅತ್ತೆಯವರಿಗೆ ವಾಂತಿಯಾಗುತ್ತದೆ. ನಮ್ಮ ಹಳೆಯ ಕಾರಿನಲ್ಲಿ ಮಾತ್ರ ನೆಮ್ಮದಿಯಾಗಿ ಕೂರುತ್ತಾರೆ. ನಾನು ಓಡಿಸಲು ಕಲಿತದ್ದೂ ಅದರಲ್ಲೇ. ಆದರೆ ಯಜಮಾನರು ಹೇಳಿಯೇ ಕಳಿಸಿದ್ದರು: "ಈ ಸಲ ದಾರ್ಯಾಗ ಕೈ ಕೊಟ್ರ ಸೀದಾ ಗುಜರಿಗೆ ಹಾಕಾಂವ ನೋಡು."

ಗೋಕಾಕದಲ್ಲಿ ಕರದಂಟು ಕೊಂಡೆವು. ಫಾಲ್ಸ್ ಕಡೆಯ ಏರಿನಲ್ಲಿ ಎಂಜಿನ್ ಬಿಕ್ಕತೊಡಗಿತು. ಬೇವಿನ ನೆರಳಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದೆ. ಪ್ಲಗ್ ಸ್ವಚ್ಛ ಮಾಡುವುದನ್ನು ಮೊಬೈಲಿನಲ್ಲಿ ನೋಡಿಕೊಂಡಿದ್ದೆ. ಪ್ಲಗ್ ಬಿಚ್ಚುವ ಪಾನಾ, ಉಜ್ಜುವ ಪಾಲಿಶ್ ಪೇಪರ್ ಡಿಕ್ಕಿಯಲ್ಲಿದ್ದವು. ಎಂಜಿನ್ ತಣ್ಣಗಾಗುವಷ್ಟರಲ್ಲಿ ನಮ್ಮ ಮಜ್ಜಿಗೆ ಬಾಟಲಿ ಖಾಲಿಯಾಯಿತು. ಯಾವ ವೈರು ಯಾವ ಪ್ಲಗ್ಗಿನದೆಂದು ಮರೆಯದಿರಲು ಅತ್ತೆಯವರ ವಿಭೂತಿ ಗಟ್ಟಿ ಇಸಿದುಕೊಂಡು, ಕರಿ ವೈರುಗಳ ಮೇಲೆ ಒಂದು ಗೆರೆ, ಎರಡು ಗೆರೆ, ಮೂರು ಗೆರೆ ಎಳೆದು ಬಿಚ್ಚಿದೆ.

ಪ್ಲಗ್ಗುಗಳ ತುದಿಗೆ ಕಾಡಿಗೆಯಂಥ ಮಸಿ. ರಸ್ತೆಯಂಚಿನ ಕಲ್ಲಿನ ಮೇಲೆ ಕುಳಿತು ಉಜ್ಜಿದೆ. ಏರ್ ಫಿಲ್ಟರ್ ಬಡಿದಾಗ ಕಬ್ಬಿನ ಒಣಗಿದ ಗರಿ, ರವದಿಯ ಪುಡಿ ಉದುರಿತು. ಮರಳಿ ಬಂದು ನೋಡಿದರೆ ಮೂರೂ ವೈರುಗಳ ಮೇಲೆ ಮೂರು ಮೂರು ಗೆರೆ.

"ಅತ್ತಿ, ಇದನ್ನ ಯಾರು ಹಚ್ಚಿದ್ರಿ?"

"ನಾನ. ಒಂದ ಗೆರಿ ವಿಭೂತಿ ಯಾರರ ಹಚ್ತಾರೇನ? ಕಾನ್ವೆಂಟ್ ಸಾಲ್ಯಾಗ ಕಲತಾಕಿ ನೀ, ಗೊತ್ತಿರಾಕಿಲ್ಲ ಅಂತ ಪೂರಾ ಮಾಡಿದೆ."

ನಗು ಬಂತು. ಆದರೆ ಯಾವ ವೈರು ಯಾವ ಪ್ಲಗ್ಗಿನದೆಂಬ ಗುರುತು ಹೋಗಿತ್ತು. ಪ್ಲಗ್ಗುಗಳನ್ನು ಬಿಗಿದು, ವೈರುಗಳನ್ನು ಅಂದಾಜಿನ ಮೇಲೆ ಸಿಕ್ಕಿಸಿ ಚಾವಿ ತಿರುಗಿಸಿದೆ. ಢಬ್ಬೆಂದ ಸದ್ದಿಗೆ ಮರದ ಕಾಗೆಗಳೆಲ್ಲ ಹಾರಿದವು.

"ಗುಜರಿಯಂವಗೂ ಕೇಳಿಸಿರಬೇಕು," ಎಂದರು ಅತ್ತೆ.

ವೈರುಗಳನ್ನು ಒಂದೊಂದಾಗಿ ಜಗ್ಗಿ ನೋಡಿದೆ. ಅವುಗಳ ಉದ್ದ ಒಂದೇ ಇರಲಿಲ್ಲ. ಉದ್ದನೆಯದನ್ನು ದೂರದ ಪ್ಲಗ್ಗಿಗೆ, ಗಿಡ್ಡದ್ದನ್ನು ಹತ್ತಿರದ್ದಕ್ಕೆ, ಉಳಿದದ್ದನ್ನು ನಡುವಿನದಕ್ಕೆ ಹಾಕಿದೆ. ಎಂಜಿನ್ ಒಂದೇ ಸಮನೆ ಗುನುಗತೊಡಗಿತು. ಅತ್ತೆ ಸೆರಗಿನಿಂದ ನನ್ನ ಮೂಗಿನ ಮಸಿ ಒರೆಸಿದರು.

ಘಟಪ್ರಭಾದ ಪೇಟೆಯ ಗದ್ದಲದಲ್ಲಿ ನಿಂತು ನಿಂತು ಸಾಗಿದರೂ ಎಂಜಿನ್ ಬಂದ್ ಬೀಳಲಿಲ್ಲ. ಸ್ಟೇರಿಂಗ್ ಮೇಲಿನ ನನ್ನ ಹಿಡಿತ ಸಡಿಲಾದದ್ದು ಆಮೇಲೆ. ಹಿಡಕಲ್ ಜಲಾಶಯದ ಕಡೆಯಿಂದ ತಂಪು ಗಾಳಿ ಬಂತು. ಅತ್ತೆ ನಿದ್ದೆ ಹೋದರು.

ಹುಕ್ಕೇರಿಯಲ್ಲಿ ಹೋಳಿಗೆ ಊಟಕ್ಕೆ ಕುಳಿತಾಗ ಯಜಮಾನರ ಫೋನ್ ಬಂತು. ಅತ್ತೆಯವರೇ ಎತ್ತಿದರು.

"ಅವ್ವಾ, ಗಾಡಿ ಎಲ್ಲಿ ನಿಂತೈತಿ?"

"ನಿಮ್ಮ ಮಾಮಾನ ಮನಿ ಬಾಗಿಲದಾಗ ನಿಂತೈತಿ. ಊಟ ಮಾಡಾಕತ್ತೇವಿ, ಇಡು."

ಮರುದಿನ ಸಂಜೆ ಮೂಡಲಗಿಯ ನಮ್ಮ ಅಂಗಳಕ್ಕೆ ಬಂದು ಎಂಜಿನ್ ಬಂದ್ ಮಾಡಿದೆ. ಯಜಮಾನರು ಕಾರನ್ನು ಒಂದು ಸುತ್ತು ಹಾಕಿ, "ಗಾಡಿ ಇರಲಿ ಬಿಡು," ಎಂದು ಬ್ಯಾಗು ಇಳಿಸಿಕೊಂಡರು.