ಹಸಿರು ಗಾಲಿಯ ಮೇಲಿನ ಹಳದಿ ಗೆರೆ

ಆ ಕಾಲ ಚೆಂದಿತ್ತು, ಜನ ಒಬ್ಬರಿಗೊಬ್ಬರು ಆಗುತ್ತಿದ್ದರು ಎಂದು ನನ್ನ ವಯಸ್ಸಿನವರು ಹೇಳುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ನಾನೂ ಆ ಕಾಲದವಳೇ. ಹಳಿಯಾಳದ ನಮ್ಮ ಓಣಿಯಲ್ಲಿ ಮದುವೆ ಬಂತೆಂದರೆ ಹಂಡೆ, ಕೊಳಗ, ಜಮಖಾನೆ ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಮದುವೆಗೆ ಕೇಳಿದ್ದನ್ನು ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಒಯ್ದವರೂ ಪಾತ್ರೆಯನ್ನು ಬರಿದಾಗಿ ತಿರುಗಿಸುತ್ತಿರಲಿಲ್ಲ, ಒಳಗೆ ಲಾಡು ಇಟ್ಟು ಕಳಿಸುತ್ತಿದ್ದರು. ಆ ಒಳ್ಳೆಯ ರೀತಿಯನ್ನೇ ಹಿಡಿದುಕೊಂಡು ಬಂದು ಒಬ್ಬ ಮನುಷ್ಯ ನಮ್ಮ ಅಬ್ಬಾನ ಬಾಳು ಕಸಿದುಕೊಂಡ.

ಅದು ಎರಡನೆಯ ದೊಡ್ಡ ಯುದ್ಧದ ಕಾಲ. ಅಬ್ಬಾ ಮೋಟಾರು ಮಿಸ್ತ್ರಿ. ಯಾರೋ ಬಿಟ್ಟುಹೋದ ಹಳೆಯ ಕಾರೊಂದನ್ನು ತಾನೇ ಜೋಡಿಸಿಕೊಂಡು ಹಳಿಯಾಳದಿಂದ ಅಳ್ನಾವರ ಸ್ಟೇಷನ್ನಿಗೆ ಬಾಡಿಗೆ ಹೊಡೆಯುತ್ತಿದ್ದ. ಅದರ ಗಾಲಿಗಳ ಕಡ್ಡಿಗಳು ಮರದವು. ಬೇಸಿಗೆಯಲ್ಲಿ ಮರ ಒಣಗಿ ಕಡ್ಡಿಗಳು ಸಡಿಲಾಗಿ ಕಿರುಗುಟ್ಟುತ್ತಿದ್ದವು. ಆಗ ಅಬ್ಬಾ ಕಾರನ್ನು ಕೆರೆಯ ಅಂಚಿಗೆ ಇಳಿಸಿ, ಮರ ನೀರು ಕುಡಿದು ಉಬ್ಬಲಿ ಎಂದು ಎಮ್ಮೆಗಳ ಪಕ್ಕದಲ್ಲೇ ನಿಲ್ಲಿಸುತ್ತಿದ್ದ. ಆ ವರ್ಷ ಅದೂ ಸಾಲದಾಯಿತು. ಟೈರುಗಳಂತೂ ಸವೆದು ಒಳಗಿನ ನೂಲು ಕಾಣುತ್ತಿತ್ತು, ಹೊಸವು ಅಂಗಡಿಯಲ್ಲಿ ಕಣ್ಣಿಗೂ ಬೀಳುತ್ತಿರಲಿಲ್ಲ. ಬೇರೆ ಗಾಲಿ ಸಿಕ್ಕರೆ ಅಬ್ಬಾ ತನ್ನ ಗಾಡಿಯ ಮಾಲಕ, ಸಿಗದಿದ್ದರೆ ಇನ್ನೊಬ್ಬರ ಗಾಡಿಯ ಡ್ರೈವರ. ಮನೆಯಲ್ಲಿ ಆಗ ಇದೇ ಮಾತು.

ಕುಳಗಿಯ ಕಾಡಿನ ಕ್ಯಾಂಪಿನಲ್ಲಿ ಅಬ್ಬಾ ನೀರಿನ ಪಂಪು ರಿಪೇರಿ ಮಾಡಿಕೊಟ್ಟಾಗ, ಹಿತ್ತಲಲ್ಲಿ ಬಿದ್ದಿದ್ದ ಎರಡು ಮುರುಕು ಕಾರುಗಳಲ್ಲಿ ಒಂದರ ಗಾಲಿಗಳನ್ನು ಬಿಚ್ಚಿಕೊಂಡು ಹೋಗು ಎಂದು ಅಲ್ಲಿಯವರು ಹೇಳಿದರು. ಆರಿಸುವ ದಿನ ಅಮ್ಮಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನನ್ನನ್ನೂ ಎಳೆದುಕೊಂಡು ಬಂಡಿ ಹತ್ತಿದಳು. ಒಂದು ಕಾರಿಗೆ ತಂತಿ ಕಡ್ಡಿಯ ಗಾಲಿ. ಅಬ್ಬಾ ಒಂದೊಂದು ತಂತಿಯನ್ನೂ ನಟ್ಟು ಬಿಚ್ಚುವ ಪಾನಾದಿಂದ ತಟ್ಟಿ ಕಿವಿಗೊಟ್ಟು ಕೇಳಿದ. ಬಿಗಿ ಇದ್ದದ್ದು ಟಿಂಗ್ ಎನ್ನುತ್ತಿತ್ತು, ಸಡಿಲಾದದ್ದು ದಬ್ ಎನ್ನುತ್ತಿತ್ತು. ಅವನ ಮನಸ್ಸು ಅವುಗಳ ಮೇಲೇ ನಿಂತಿತ್ತು. ಇನ್ನೊಂದಕ್ಕೆ ಇದ್ದದ್ದು ಊಟದ ತಾಟಿನಂಥ ಸಾದಾ ಉಕ್ಕಿನ ಗಾಲಿ.

"ತಂತಿವು ಚೆಂದ ಅದಾವು ಖರೆ," ಅಂದಳು ಅಮ್ಮಿ. "ಅಳ್ನಾವರ ರಸ್ತೆದ ರಾಡಿ ಇದರಾಗ ಸಿಕ್ಕೊಂಡರ ತೆಗಿಯೋರು ಯಾರು?"

"ನಿನಗ ಮೋಟಾರಿನಾಗ ಏನ ತಿಳಿತೈತಿ?"

"ಮೋಟಾರ ತಿಳಿಯಂಗಿಲ್ರಿ. ರಾಡಿ ತಿಳಿತೈತಿ."

ಉಕ್ಕಿನವೇ ಟೈರಿನ ಸಮೇತ ಬಂಡಿ ಏರಿದವು.

ಆಮೇಲೆ ನಮ್ಮ ಅಂಗಳದಲ್ಲಿ ಎಷ್ಟೋ ದಿನ ಸೀಮೆಎಣ್ಣೆಯ ವಾಸನೆ. ಅಬ್ಬಾ ಹಳೆಯ ಬಣ್ಣವನ್ನು ಬೆಂಕಿಗೆ ಹಿಡಿದು ಸುಟ್ಟ. ಅಮ್ಮಿ ಇಟ್ಟಂಗಿ ಚೂರು, ಮರಳು, ತೆಂಗಿನ ನಾರು ಹಾಕಿ ತುಕ್ಕು ತಿಕ್ಕಿದಳು. ಟ್ಯೂಬು ಕೂರುವ ಒಳ ಅಂಚಿನಲ್ಲಿ ಬೆರಳು ಆಡಿಸುವುದು ನನ್ನ ಕೆಲಸ.

"ನಿನ್ನ ಕೈಗೆ ಚುಚ್ಚಿದರ ಟ್ಯೂಬಿಗೂ ಚುಚ್ಚತೈತಿ," ಅನ್ನುತ್ತಿದ್ದ ಅಬ್ಬಾ. ನಾನು ತೋರಿಸಿದ ಕಡೆ ಮತ್ತೆ ಉಜ್ಜುತ್ತಿದ್ದ. ಟೈರುಗಳನ್ನು ಮಡಚಿ ಬಿರುಕು ನೋಡಿದ. ಸೀಳಿದ್ದ ಒಂದಕ್ಕೆ ಹಳೆಯ ಟೈರಿನ ತುಂಡನ್ನು ಒಳಗಿನಿಂದ ಹೊದಿಸಿದ.

ಬಣ್ಣ ಎಲ್ಲಿಂದ ತರುವುದು? ಮೊಹರಮ್ಮಿನಲ್ಲಿ ಹೊರುವ ಡೋಲಿಗೆ ಬಳಿದು ಉಳಿದ ಹಸಿರು ಡಬ್ಬಿಯಲ್ಲಿತ್ತು, ತಳದಲ್ಲಿ ಒಂದಿಷ್ಟು ಹಳದಿಯೂ ಸಿಕ್ಕಿತು. ಹಸಿರು ಒಣಗಿದ ಮೇಲೆ ಗಾಲಿಯನ್ನು ನೆಲಕ್ಕೆ ಹುಗಿದ ಗೂಟಕ್ಕೆ ಸಿಕ್ಕಿಸಿದೆವು. ನಾನು ಮೆಲ್ಲಗೆ ತಿರುಗಿಸುತ್ತಿದ್ದೆ, ಅಮ್ಮಿ ಆಡಿನ ಕೂದಲಿನ ಕುಂಚ ಹಿಡಿದು ಅಲುಗದೆ ಕೂತಿದ್ದಳು. ಅಂಚಿನ ಸುತ್ತ ಸಣ್ಣ ಹಳದಿ ಗೆರೆ ಮೂಡುತ್ತಾ ಬಂತು. ಕೊನೆಯ ಗಾಲಿ ಮುಗಿಯುವ ಹೊತ್ತಿಗೆ ಅಬ್ಬಾ ಬಂದು ನಿಂತ.

"ಏನ, ಮೋಟಾರಿಗೆ ಬಳಿ ತೊಡಸಾಕತ್ತಿಯೇನ?"

ಅಮ್ಮಿಗೆ ನಗು ತಡೆಯಲಿಲ್ಲ. ಕೈ ಅಲುಗಿ ಗೆರೆ ಸೊಟ್ಟಗಾಯಿತು. ಒರೆಸಲು ಹೋದವಳನ್ನು ಅಬ್ಬಾ ತಡೆದ. "ಇರಲಿ ಬಿಡು. ನೀ ನಕ್ಕದ್ದು ನಾಕ ಮಂದಿಗೆ ಕಾಣ್ಲಿ."

ಆ ಗಾಲಿಗಳ ಮೇಲೆ ಕಾರು ಕಿರುಗುಟ್ಟದೆ ಓಡಿತು. ಅಬ್ಬಾ ಬೆಳಿಗ್ಗೆ ಸ್ಟೇಷನ್ನಿಗೆ ಹೊರಡುವಾಗ ಹಾರ್ನು ಒತ್ತಿ ಓಣಿಯನ್ನೆಲ್ಲ ಎಬ್ಬಿಸುತ್ತಿದ್ದ.

ಅಷ್ಟರಲ್ಲಿ ಸೂಪಾದಿಂದ ಕಟ್ಟಿಗೆ ಕಂತ್ರಾಟದ ಸಾವ್ಕಾರ ಬಂದ. ಅವನದೂ ನಮ್ಮ ಕಾರಿನ ಕಂಪನಿಯದೇ ಕಾರು.

"ಮಿಸ್ತ್ರೀ, ಮಗಳ ಮದಿವಿ ಐತಿ. ನನ್ನ ಟೈರ ಹರದು ಚಿಂದಿ ಆಗ್ಯಾವು. ಮೆರವಣಿಗಿಗೆ ನಿನ್ನ ಗಾಲಿ ಕೊಡು. ಮರುದಿನಾನ ಕಳಸ್ತೇನಿ."

ಅಮ್ಮಿ ಬಾಗಿಲ ಹಿಂದಿನಿಂದಲೇ ಮಾತಾಡಿದಳು. "ಹಂಡೆ ಕೇಳ್ರಿ ಸಾವ್ಕಾರ್ರ, ಕೊಡ್ತೇವಿ. ಗಾಲಿ ನಮ್ಮ ಹೊಟ್ಟಿಪಾಡು."

"ಮದಿವಿಗೆ ಅಂತ ಕೇಳ್ಯಾರ. ಹೆಂಗ ಇಲ್ಲ ಅನ್ನೂದು?" ಅಂದ ಅಬ್ಬಾ. ತನ್ನ ಕೈಯಿಂದಲೇ ಬಿಚ್ಚಿ, ತಾನೇ ಅವನ ಕಾರಿಗೆ ಹಾಕಿಕೊಟ್ಟ.

ಮದುವೆ ಮುಗಿದ ಮೇಲೆ ಸೂಪಾದಿಂದ ಆಳು ಬಂದ. ತಲೆಯ ಮೇಲೆ ಲಾಡಿನ ಬುಟ್ಟಿ. ಗಾಲಿ ಇಲ್ಲ. ನಾನು ಆ ಬುಟ್ಟಿ ಕಸಿದುಕೊಂಡು ಗಟಾರಕ್ಕೆ ಸುರಿದೆ. ನೆಲಕ್ಕೆ ಬಿದ್ದ ಅನ್ನದ ಅಗುಳನ್ನೂ ಹೆಕ್ಕುತ್ತಿದ್ದ ಅಮ್ಮಿ ಅವತ್ತು ಬರಿದಾದ ಬುಟ್ಟಿಯನ್ನು ತಾನೇ ಆಳಿನ ಕೈಗೆ ಕೊಟ್ಟು ಕಳಿಸಿದಳು.

ಅಬ್ಬಾ ಸೂಪಾಕ್ಕೆ ಹೋಗಿ ಹೋಗಿ ಬಂದ. ಮೊದಲು ಬೀಗರು ಇನ್ನೂ ಹೋಗಿಲ್ಲ ಅಂದರಂತೆ, ಆಮೇಲೆ ಮಳೆ ನಿಲ್ಲಲಿ ಅಂದರಂತೆ. ಕಡೆಗೆ ಸಾವ್ಕಾರ ನಕ್ಕು ಹೇಳಿದನಂತೆ, "ನಿನ್ನ ಗಾಲಿ ಎಲ್ಲಿ ಓಡಿಹೋಗ್ತಾವೋ ಮಿಸ್ತ್ರೀ? ಬಾ, ನೀನ ನನ್ನ ಗಾಡಿ ಹೊಡಿ. ದಿನಾ ಅವುಗಳ ಮ್ಯಾಲೇ ಇರ್ತಿ."

ಅಬ್ಬಾ ಒಪ್ಪಿಕೊಂಡ. ನಮ್ಮ ಕಾರು ಅಂಗಳದಲ್ಲಿ ಕಲ್ಲುಗಳ ಮೇಲೆ ಕೂತಿತು, ಒಳಗೆ ಕೋಳಿ ಮೊಟ್ಟೆ ಇಡತೊಡಗಿತು. ಸಾವ್ಕಾರನನ್ನು ಹಳಿಯಾಳ ಸಂತೆಗೆ ಕರೆತಂದಾಗ ಅಬ್ಬಾ ಓಣಿಯ ತುದಿಯಲ್ಲಿ ಗಾಡಿ ನಿಲ್ಲಿಸಿ ಕೂಗುತ್ತಿದ್ದ. "ಬಾ ಬೇಟಿ, ಕೂಡು, ಒಂದ ಸುತ್ತ ಹೋಗೂಣು." ಹಾರ್ನು ಒತ್ತುತ್ತಿರಲಿಲ್ಲ. ನಾನು ಹೋಗುತ್ತಿರಲಿಲ್ಲ. ಸಾವ್ಕಾರನ ಮೇಲಿನ ಸಿಟ್ಟು ಒಂದು ಕಡೆಯಾದರೆ, ಅಬ್ಬಾನ ಮೇಲಿನ ಸಿಟ್ಟು ಅದಕ್ಕಿಂತ ಹೆಚ್ಚು. ಪಾನಾ ಅವನ ಕೈಯಲ್ಲೇ ಇತ್ತಲ್ಲ, ಬಿಚ್ಚಿಕೊಂಡು ಬರಲು ಏನಾಗಿತ್ತು? ದಾಂಡೇಲಿಯಿಂದ ಜೋಯಿಡಾದವರೆಗೆ ಕಟ್ಟಿಗೆಯ ಅಡ್ಡೆಗಳಲ್ಲೆಲ್ಲ ಸಾವ್ಕಾರನ ಮಾತೇ ನಡೆಯುತ್ತಿತ್ತು, ಬೇರೆ ಕೆಲಸವೂ ಸಿಗುತ್ತಿರಲಿಲ್ಲ ಎಂದು ಈಗ ಗೊತ್ತು. ಗೊತ್ತಾದರೂ ಸಿಟ್ಟು ಇಳಿದಿಲ್ಲ. ಅಮ್ಮಿ ಮಾತ್ರ ಅಬ್ಬಾನ ಚೇಷ್ಟೆಗೆ ನಗುವುದನ್ನೇ ಬಿಟ್ಟಳು, ಅವನೂ ಚೇಷ್ಟೆ ಮಾಡುವುದನ್ನು ಬಿಟ್ಟ.

ಅವರಿಬ್ಬರೂ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಅಣೆಕಟ್ಟಿಗಾಗಿ ಸೂಪಾ ಖಾಲಿಯಾಗುವಾಗ ನಾನು ಅಲ್ಲಿಗೆ ಹೋದೆ. ಸಾವ್ಕಾರನ ಹಿತ್ತಲಿನ ಗೋಡೆಗೆ ಒಂದೇ ಒಂದು ಗಾಲಿ ಒರಗಿತ್ತು. ಮೇಲೆ ಬಳಿದಿದ್ದ ಕಪ್ಪು ಬಣ್ಣ ಹಪ್ಪಳೆ ಎದ್ದಿತ್ತು. ಉಗುರಿನಿಂದ ಕೆರೆದೆ. ಹಸಿರು ಬಂತು. ಅಂಚಿನ ಸುತ್ತ ಕೆರೆಯುತ್ತಾ ಹೋದರೆ ಹಳದಿ ಗೆರೆ, ಮತ್ತೆ ಅದು ಸೊಟ್ಟಗಾದ ಜಾಗ.

ಸಾಮಾನು ಕಟ್ಟುತ್ತಿದ್ದ ಸಾವ್ಕಾರನ ಮೊಮ್ಮಗ ನೋಡಿದ. "ಹಳೆ ಕಬ್ಬಿಣ ಅದು. ಬೇಕಾದರ ಒಯ್ರಿ ಅವ್ವಾರ, ಕೊಟ್ಟೇನಿ."

"ಕೊಡಾಕ ನೀ ಯಾರು?" ಅಂದೆ. ಅವನಿಗೆ ತಿಳಿಯಲಿಲ್ಲ. ನಾನು ಗಾಲಿಯನ್ನು ರಸ್ತೆಯವರೆಗೆ ಉರುಳಿಸಿಕೊಂಡು ಬಂದೆ.

ಸೂಪಾದ ನೀರಿನಡಿ ಹೋದ ಮನೆ, ತೋಟ, ಗುಡಿಗಳನ್ನು ಜನ ಇವತ್ತಿಗೂ ನೆನೆಯುತ್ತಾರೆ. ನೆನೆಯಲಿ. ನಮ್ಮದು ಅಲ್ಲಿ ನೀರು ಬರುವ ಮೊದಲೇ ಮುಳುಗಿತ್ತು, ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಆ ಗಾಲಿ ಈಗ ನನ್ನ ಅಂಗಳದಲ್ಲಿದೆ. ತುಕ್ಕು ಹಿಡಿದಿದೆ, ತಿಕ್ಕಿ ಹೊಸ ಬಣ್ಣ ಹಚ್ಚೂಣು ಎಂದು ಮೊಮ್ಮಕ್ಕಳು ಕೇಳಿದರೆ, ಮುಟ್ಟಿದರ ಕೈ ಮುರೀತೇನಿ ಎಂದು ಗದರುತ್ತೇನೆ. ಅಮ್ಮಿಯ ನಗು ಉಳಿದಿರುವುದು ಆ ಸೊಟ್ಟ ಗೆರೆಯಲ್ಲಿ ಮಾತ್ರ.