ನಾಲ್ಕಲ್ಲ, ಐದು ಮಂದಿ

ಗೆಳತಿಯರೇ, ಇಂದು ಸೋಮವಾರದ ಉಪವಾಸ. ನಾನು ಅಂಗಳ ಸಾರಿಸುತ್ತಿದ್ದಾಗ ಆಶಾ ಕಾರ್ಯಕರ್ತೆ ಶಾಂತವ್ವ ಫೋನು ಹಿಡಿದು, ನಮ್ಮೂರು ಘೋಣಸಗಿಯ ಮನೆಮನೆಯ ಆರೋಗ್ಯ ಬರೆದುಕೊಳ್ಳುತ್ತ ಬಂದಳು.

"ಮನ್ಯಾಗ ಎಷ್ಟ ಮಂದಿ ಅದೀರಿ ಅಕ್ಕಾರ?"

"ನಾಕ ಮಂದಿ."

ಹೆರಿಗೆಗೆಂದು ತವರಿಗೆ ಬಂದ ನನ್ನ ಮಗಳು ಬಾಗಿಲಲ್ಲೇ ಕೂತಿದ್ದಳು. "ಮತ್ತ ಈಕಿ?" ಎಂದಳು ಶಾಂತವ್ವ.

"ಕೊಟ್ಟ ಹೆಣ್ಣ ಬೇ, ಆಕಿ ಗಂಡನ ಊರು ಜೈನಾಪುರದ ಲೆಕ್ಕ."

ಶಾಂತವ್ವ ಫೋನಿನಲ್ಲಿ ಹುಡುಕಿ ತೋರಿಸಿದಳು. "ರಕ್ತ ಕಮ್ಮಿ ಐತಿ, ಊರಾಗಿಲ್ಲ ಅಂತ ಅಲ್ಲಿ ಬರದಾರ. ಇಲ್ಲೂ ಬರೀಲಿಲ್ಲಂದ್ರ ಹೆರಿಗಿ ಗಾಡಿ ಯಾರ ಮನಿಗೆ ಬರಬೇಕ್ರಿ?"

"ಹಂಗಾದ್ರ ಬರಕೋ ಬೇ" ಅಂದೆ. ಆಕೆ ನಿಂತಲ್ಲೇ ಮಗಳನ್ನು ನಮ್ಮೂರಿಗೆ ಬರೆದು, ತಪಾಸಣೆಗೆ ಯಾವತ್ತು ಬರಬೇಕೆಂದು ತಿಕೋಟಾ ಆಸ್ಪತ್ರೆಯನ್ನೂ ಫೋನಿನಲ್ಲೇ ಬರೆದು ಕೇಳಿದಳು. ದೇವರಿಗಿಟ್ಟ ಬಾಳೆಹಣ್ಣನ್ನು ಆಕೆಗೇ ಕೊಟ್ಟೆ.

ಆಸ್ಪತ್ರೆಯ ಉತ್ತರ ಆಕೆಯ ಫೋನಿಗೆ ಬರುತ್ತದೆ. ಆಕೆ ಕೂರುವ ಅಂಗನವಾಡಿ ಕಡೆ ಹೋದವರು ಕೇಳಿಕೊಂಡು ಬನ್ನಿ. ನಮ್ಮ ಮನೆಯಲ್ಲಿ ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ಐದು ಅನ್ನಿ.